ಕ್ರೋಮ್ ಹಾಕಿದ ಸ್ಪ್ರಿಂಗು

ತುಮಕೂರಿನಲ್ಲಿ ಪ್ಲೇಟಿಂಗ್ ಅಂಗಡಿ ಇಟ್ಟಿದ್ದ ಏಜಾಜ್ ಅಹಮದನಿಗೆ ಮೂರ್ಖರನ್ನು ಕಂಡರೆ ಮೈಯೆಲ್ಲ ಉರಿ. ಆಯುಧಪೂಜೆ ಹತ್ತಿರ ಬಂತೆಂದರೆ ಸಾಕು, ಅಂಥವರದ್ದೇ ಸಾಲು. ಈ ಸಲ ಗುಬ್ಬಿಯ ದಯಾನಂದ ತನ್ನ ಸ್ಕೂಲ್ ವ್ಯಾನಿನ ಸ್ಪ್ರಿಂಗ್ ಪಟ್ಟಿಗಳನ್ನೇ ಬಿಚ್ಚಿ ತಂದಿದ್ದ.

"ಕ್ರೋಮ್ ಹಾಕ್ಕೊಡಿ ಸಾಬ್ರೇ. ಪೂಜೆ ದಿನ ಕನ್ನಡಿ ಥರ ಹೊಳೀಬೇಕು."

"ವ್ಯಾನ್ ಕೆಳಗೆ ಬಗ್ಗಿ ನೋಡೋರ್ಯಾರಪ್ಪಾ, ನಾಯಿನಾ?" ಏಜಾಜ್ ನಕ್ಕ. "ಉಜ್ಜಾಡೋ ರಾಡ್‌ಗೆ ಕ್ರೋಮ್ ಹಾಕಿದ್ರೆ ಸವೆಯಲ್ಲ, ಒಪ್ದೆ. ಇದು ದಿನಾ ಬಾಗೋ ಪಟ್ಟಿ ಕಣೋ. ಕ್ರೋಮ್ ಬಾಗಲ್ಲ, ಬಿರಿಯುತ್ತೆ, ಆ ಬಿರುಕು ಉಕ್ಕಿಗೂ ಇಳಿಯುತ್ತೆ. ಸಾಲ್ದು ಅಂತ ಕ್ರೋಮ್ ತೊಟ್ಟೀಲಿ ಅದ್ದಿದಾಗ ಉಕ್ಕಿಗೆ ಗ್ಯಾಸ್ ಬೇರೆ ಸೇರ್ಕೊಳ್ಳುತ್ತೆ. ಓವನ್‌ನಲ್ಲಿಟ್ಟು ಅದನ್ನ ಓಡಿಸದಿದ್ರೆ ನಿಂತಲ್ಲೇ ಮುರಿಯುತ್ತೆ. ಹೋಗು, ಬೇರೆ ಯಾರಾದ್ರೂ ದಡ್ಡನ್ನ ಹುಡುಕ್ಕೋ."

ದಯಾನಂದ ಹುಡುಕಿಕೊಂಡ. ದಡ್ಡ ಪಕ್ಕದ ಬೀದಿಯಲ್ಲೇ ಇದ್ದ: ಏಜಾಜನ ಭಾವಮೈದ ಝುಬೇರ್. ಅವನ ಅಂಗಡಿಯಲ್ಲಿ ಓವನ್ ಇರಲಿಲ್ಲ, ಬಾಯಿ ಮಾತ್ರ ಇತ್ತು. ಮೇಲೆ ಥಳುಕು, ಒಳಗೆ ಹುಳುಕು, ಇಬ್ಬರಿಗೂ ಒಳ್ಳೇ ಜೋಡಿ ಎಂದು ಏಜಾಜ್ ಉಗಿದು ಸುಮ್ಮನಾದ.

ದಸರಾ ರಜೆಯ ಕೊನೆಯ ದಿನ ಕುಣಿಗಲ್‌ನಲ್ಲಿ ನೆಂಟರ ಮದುವೆ. ಝುಬೇರ್ ಗೊತ್ತು ಮಾಡಿದ ಗಾಡಿ ಮನೆ ಮುಂದೆ ನಿಂತಿತು. ಪೂಜೆಯ ಹಾರ ಇನ್ನೂ ತೂಗುತ್ತಿತ್ತು, ಅದೇ ವ್ಯಾನು, ಸ್ಟೀರಿಂಗ್ ಹಿಡಿದು ಅದೇ ದಯಾನಂದ! ಏಜಾಜ್ ಹೊರಗೆ ಬರುವಷ್ಟರಲ್ಲಿ ಅವನ ತಾಯಿ ಮಸ್ತಾನ್ ಬೀ ಮುಂದಿನ ಸೀಟು ಹಿಡಿದಾಗಿತ್ತು, ಹಿಂದೆ ಮದುವೆಯ ಬಿರಿಯಾನಿ ಹಂಡೆಗಳೂ ಹೆಂಗಸರೂ ತುಂಬಿದ್ದರು. ಅವನು ಓಡಿ ಹೋಗಿ ಗಾಡಿಗೆ ಅಡ್ಡ ನಿಂತ.

"ಇಳೀರಿ ಎಲ್ರೂ! ಅಮ್ಮೀ, ಮೊದ್ಲು ನೀನಿಳಿ!"

"ನನ್ ಕೆಲ್ಸ ಕಂಡ್ರೆ ಭಾವಂಗೆ ಹೊಟ್ಟೆಕಿಚ್ಚು," ಝುಬೇರ್ ಹಲ್ಲು ಕಿರಿದ.

ಪೂಜೆಯಾದ ಮೇಲೆ ಆ ಪಟ್ಟಿಯ ಮೇಲೆ ಭಾರ ಬಿದ್ದದ್ದು ಅಂದೇ ಮೊದಲು. ಗಾಡಿಯ ಅಡಿಯಿಂದ ಟಣ್ಣೆಂಬ ಸದ್ದು ಬಂತು, ವ್ಯಾನು ಒಂದು ಮಗ್ಗುಲಿಗೆ ಕುಸಿಯಿತು. ಕಿರುಚುತ್ತ ಎಲ್ಲರೂ ಇಳಿದರು. ಯಾರಿಗೂ ಏನೂ ಆಗಿರಲಿಲ್ಲ.

ಏಜಾಜ್ ಬಗ್ಗಿ ನೋಡಿದ. ಪಟ್ಟಿ ಎರಡು ತುಂಡು.

"ಬನ್ರೋ ಇಬ್ರೂ, ಕನ್ನಡೀಲಿ ಮುಖ ನೋಡ್ಕೊಳ್ಳಿ!"

"ಸಾಕ್ ಮಾಡೋ," ಎಂದಳು ಮಸ್ತಾನ್ ಬೀ. "ಮುರಿಯುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಅವತ್ತೇ ಹೇಳಿದ್ದೆ ಅಮ್ಮೀ! ಬೇರೆ ದಡ್ಡನ್ನ ಹುಡುಕ್ಕೋ ಅಂದಿದ್ದೆ."

"ಅಂದು ಕೈ ತೊಳ್ಕೊಂಡೆ. ನಾಳೆ ಸ್ಕೂಲು. ಇದ್ರಲ್ಲಿ ಗುಬ್ಬಿ ಮಕ್ಳು ಕೂತ್ಕೋತಿದ್ವು. ಅವಕ್ಕೆ ಯಾರು ಅಡ್ಡ ನಿಲ್ತಿದ್ರು, ಬುದ್ಧಿವಂತಾ?"