ತೂವಾ ಮುಂದೆ ನಿಂತ ಬೆಳಗು

ಡಿಸೆಂಬರಿನ ದೀಪದ ಹಬ್ಬ ಲೂಸಿಯಾದ ಬೆಳಗು. ಹೊರಗೆ ಇನ್ನೂ ಕಗ್ಗತ್ತಲು. ಶಾಲೆಯ ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿ ಅನ್ನೆಲೀ ಬೆತ್ತದ ಬುಟ್ಟಿ ಹಿಡಿದು ನಿಂತಿದ್ದಳು. ಒಳಬರುವ ತಂದೆತಾಯಿಗಳೆಲ್ಲ ಬೂಟಿನ ಹಿಮ ಕೊಡವಿ, ಮೊಬೈಲನ್ನು ಆ ಬುಟ್ಟಿಗೆ ಹಾಕಿಯೇ ಮುಂದೆ ಹೋಗಬೇಕು.

"ಚರ್ಚಿನ ಕಾಣಿಕೆ ಬುಟ್ಟಿ ಹಿಡಿದ ಹಾಗಿದೆಯಲ್ಲೇ," ಎಂದ ಮಾಲ್ಟೆಯ ಅಪ್ಪ. "ಅಲ್ಲಾದ್ರೆ ಚಿಲ್ಲರೆ ಹಾಕಿ ಪಾರಾಗ್ತಿದ್ದೆ."

"ಹಾಕು, ಹಾಕು. ಇಲ್ಲಿ ಹಾಕಿದ್ದು ವಾಪಸ್ಸಾದ್ರೂ ಬರತ್ತೆ."

"ನನ್ನ ಮಗನ ಫೋಟೋ ನಾನು ತೆಗೆದ್ರೆ ಯಾರಪ್ಪನ ಗಂಟು ಹೋಗತ್ತೆ?"

ಅನ್ನೆಲೀ ನಕ್ಕಳು. ಉತ್ತರ ಕೊಡುವ ಹಾಗಿರಲಿಲ್ಲ.

ಉತ್ತರವೆಂದರೆ ತೂವಾ, ಮೂರನೆಯ ತರಗತಿಯ ಹುಡುಗಿ. ಅವಳ ತಾಯಿ ಮಿರ್ಯಾ ಗಂಡನ ಹೊಡೆತ ತಾಳಲಾರದೆ ಮಗಳನ್ನು ಕಟ್ಟಿಕೊಂಡು ಊರು ಬಿಟ್ಟವಳು. ಆ ಮನುಷ್ಯ ಅವರನ್ನು ಹುಡುಕುವುದನ್ನು ಬಿಟ್ಟಿರಲಿಲ್ಲ. ಹಿಂದಿನ ಊರಿನಲ್ಲಿ ಶಾಲೆಯ ಆಟೋಟದ ಒಂದು ಚಿತ್ರ ನೋಡಿಯೇ ಪತ್ತೆ ಹಚ್ಚಿ ಬಾಗಿಲು ಒಡೆದಿದ್ದ. ಈಗ ಅವರ ವಿಳಾಸ ಸರ್ಕಾರದ ದಾಖಲೆಯಲ್ಲೂ ಮುಚ್ಚಿಟ್ಟದ್ದು. ಶಾಲೆಯಲ್ಲಿ ಈ ಸಂಗತಿ ಗೊತ್ತಿದ್ದದ್ದು ಅನ್ನೆಲೀಗೆ, ತೂವಾಳ ಶಿಕ್ಷಕಿಗೆ, ಮತ್ತು ಚರ್ಚಿನಲ್ಲಿ ಆರ್ಗನ್ ನುಡಿಸುತ್ತ ಶಾಲೆಯ ಮಕ್ಕಳಿಗೆ ಹಾಡು ಕಲಿಸುವ ನನಗೆ. ಮೂವರೂ ಬಾಯಿ ಹೊಲಿದುಕೊಂಡಂತೆ ಇದ್ದೆವು.

ಚೀಟಿ ಎತ್ತಿದಾಗ ದೀಪದ ಕಿರೀಟ ತೊಟ್ಟು ಮೆರವಣಿಗೆಯ ಮುಂದೆ ನಡೆಯುವ ಲೂಸಿಯಾ ಆಗುವ ಭಾಗ್ಯ ಸಿಗ್ನೆಗೆ ಬಂದಿತ್ತು. ಹಬ್ಬ ಹತ್ತಿರ ಬಂದಾಗ ಅವಳು ಜ್ವರ ಬಂದು ಮಲಗಿದಳು. ಮತ್ತೆ ಚೀಟಿ ಎತ್ತಿದರೆ ತೂವಾಳ ಹೆಸರು. ಯಾವಾಗಲೂ ಹಿಂದಿನ ಸಾಲಿನಲ್ಲಿ, ಉದ್ದದ ಹುಡುಗರ ಬೆನ್ನಿಗೆ ನಿಲ್ಲುತ್ತಿದ್ದ ಮಗು.

"ಕ್ಯಾಮೆರಾ ಇರಲ್ಲ ತಾನೇ?" ಎಂದು ಮಿರ್ಯಾ ಅನ್ನೆಲೀಯನ್ನು ಕೇಳಿದ್ದಳು.

"ಒಂದೂ ಇರಲ್ಲ. ಎಲ್ಲರ ಫೋನು ನನ್ನ ಹತ್ರ."

"ಹಾಗಾದ್ರೆ ಒಂದೇ ಒಂದ್ಸಲ ನಿಲ್ಲಲಿ ಬಿಡು. ಮನೇಲಿ ಕನ್ನಡಿ ಮುಂದೆ ಒಬ್ಬಳೇ ಲೂಸಿಯಾ ಆಗಿ ನಿಂತೂ ನಿಂತೂ ಸಾಕಾಗಿದೆ ಅದಕ್ಕೆ."

ದೀಪ ಆರಿಸಿದರು. ಸಭಾಂಗಣದಲ್ಲಿ ಕೆಮ್ಮು, ಗುಸುಗುಸು ನಿಂತವು. ನಾನು ಪಿಯಾನೋದ ಮೇಲೆ ಬೆರಳಿಟ್ಟೆ. ಕಾರಿಡಾರಿನ ಕಡೆಯಿಂದ ಹಾಡು ಬಂತು, ಹಾಡಿನ ಹಿಂದೆ ಬಿಳಿ ನಿಲುವಂಗಿಯ ಮಕ್ಕಳು ಬಂದರು, ಎಲ್ಲರಿಗಿಂತ ಮುಂದೆ ತೂವಾ. ತಲೆಯ ಮೇಲೆ ಬ್ಯಾಟರಿ ದೀಪಗಳ ಕಿರೀಟ. ಅಷ್ಟು ದೊಡ್ಡ ಕತ್ತಲೆಯಲ್ಲಿ ನಿಚ್ಚಳವಾಗಿ ಕಾಣುತ್ತಿದ್ದ ಮುಖ ಅದೊಂದೇ. ದೇವರೇ, ಈ ಮಗುವಿನ ಮೇಲೆ ನಿನ್ನ ಕಣ್ಣಿರಲಿ ಎಂದುಕೊಂಡೆ.

ಎರಡನೆಯ ಚರಣದಲ್ಲಿ ನನ್ನ ದೃಷ್ಟಿ ಕಿಟಕಿಯ ಕಡೆ ಹೋಯಿತು. ಹೂಕುಂಡದ ಪಕ್ಕ ಒಂದು ಸ್ಟ್ಯಾಂಡು. ಸ್ಟ್ಯಾಂಡಿನಲ್ಲಿ ಶಾಲೆಯ ಟ್ಯಾಬ್. ಅದರ ಪರದೆಯ ಮೇಲೆ ಅಂಗೈಯಗಲದ ಇನ್ನೊಬ್ಬ ತೂವಾ ಹಾಡುತ್ತ ನಡೆದು ಬರುತ್ತಿದ್ದಳು.

ನನ್ನ ಕೈಗಳು ನಿಂತವು. ಎದ್ದು, ಕುರ್ಚಿಯ ಮೇಲಿದ್ದ ಕೋಟನ್ನು ಎಳೆದುಕೊಂಡು ಹೋಗಿ ಆ ಟ್ಯಾಬಿನ ಮೇಲೆ ಹೊದಿಸಿದೆ. ಮಕ್ಕಳು ಪಿಯಾನೋ ಇಲ್ಲದೆಯೇ ಹಾಡುತ್ತಿದ್ದರು.

ಐದನೆಯ ತರಗತಿಯ ಹೊಸ ಮೇಷ್ಟ್ರು ಯೂನತಾನ್ ಬಗ್ಗಿಕೊಂಡು ಓಡಿ ಬಂದ. "ಏನ್ ಮಾಡ್ತಿದೀಯ ಗುನ್ವೋರ್? ಅದು ಅಜ್ಜ ಅಜ್ಜಿಯರಿಗೆ ಕಣೇ!"

"ಯಾವ ಅಜ್ಜಿ?"

"ಪಕ್ಕದ ವೃದ್ಧಾಶ್ರಮದವರಿಗೆ. ಮೆಟ್ಟಿಲು ಜಾರತ್ತೆ, ಈ ವರ್ಷ ಬರಕ್ಕಾಗಲ್ಲ ಅಂದ್ರು. ಇಲ್ಲಿಂದ ನೇರ ಅವರ ಟಿವಿಗೆ ಹೋಗ್ತಿದೆ."

"ಬೇರೆ ಯಾರಿಗೂ ಕಾಣಲ್ವಾ?"

"ಲಿಂಕ್ ಇದ್ದವರಿಗೆಲ್ಲ ಕಾಣತ್ತೆ. ಶಾಲೆಯ ಪುಟದಲ್ಲೇ ಹಾಕಿದೀನಿ. ಪಾಸ್‌ವರ್ಡ್ ಇಟ್ರೆ ಪಾಪ, ಅವರಿಗೆಲ್ಲಿ ನೆನಪಿರತ್ತೆ?"

ಅವನ ಮುಖದಲ್ಲಿ ಪುಣ್ಯದ ಕೆಲಸ ಮಾಡಿದವನ ಬೆಳಕಿತ್ತು. ನನಗೆ ಅದನ್ನು ನೋಡಲಾಗಲಿಲ್ಲ. ತಲೆ ಎತ್ತಿದರೆ ಹಿಂದಿನ ಬಾಗಿಲ ಬಳಿ ಮಿರ್ಯಾ ನಿಂತಿದ್ದಳು. ಅವಳ ಕಣ್ಣು ನನ್ನ ಕೋಟಿನ ಮೇಲಿತ್ತು. ಯಾರೂ ಅವಳಿಗೆ ಏನನ್ನೂ ಹೇಳಬೇಕಾಗಲಿಲ್ಲ.

ಹಾಡು ಮುಗಿದದ್ದೇ ತೂವಾ ಓಡಿ ಬಂದು ತಾಯಿಯ ಸೊಂಟ ಹಿಡಿದಳು. "ಅಮ್ಮಾ, ತಲೆ ಅಲ್ಲಾಡಿಸಲೇ ಇಲ್ಲ, ನೋಡಿದ್ಯಾ?"

"ನೋಡ್ದೆ ಚಿನ್ನ. ಬಟ್ಟೆ ಬದಲಾಯಿಸ್ಬೇಡ, ಮೇಲೆ ಜಾಕೆಟ್ ಹಾಕ್ಕೋ."

ಅನ್ನೆಲೀಯ ಕೋಣೆಯಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ. ಯೂನತಾನ್ ಕೂಡಲೇ ಲಿಂಕ್ ತೆಗೆದುಹಾಕಿದ್ದ. ಅನ್ನೆಲೀ ಮೊದಲು ಪೊಲೀಸರಿಗೆ, ಆಮೇಲೆ ನಗರಸಭೆಯ ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿದಳು. ಅತ್ತಲಿಂದ ಒಬ್ಬಳು ಶಾಂತವಾಗಿ ಹೇಳಿದಳು: ಅದನ್ನು ವೃದ್ಧಾಶ್ರಮದವರು ತೆರೆದಿದ್ದಾರೆ, ಹೊರಗಿನಿಂದ ಬೇರೆ ಎರಡು ಕಡೆಯೂ ತೆರೆದದ್ದಿದೆ, ಯಾರು ಎಂದು ಹೇಳಲು ಬರುವುದಿಲ್ಲ.

"ಯಾರದೋ ಅಜ್ಜಿ ಇರಬೇಕು," ಎಂದ ಯೂನತಾನ್.

"ಇರಬಹುದು," ಎಂದಳು ಮಿರ್ಯಾ. "ಇಲ್ಲದೇನೂ ಇರಬಹುದು."

"ನಂಗೆ ಯಾರೂ ಹೇಳಲೇ ಇಲ್ಲ."

"ಹೇಳೋ ಹಾಗಿರಲಿಲ್ಲ," ಎಂದಳು ಅನ್ನೆಲೀ. ಹೇಳಿದ ಮೇಲೆ ತಾನೇ ಕಿಟಕಿಯ ಕಡೆ ತಿರುಗಿದಳು.

ಆ ಎರಡು ಕಡೆ ಕುಳಿತವರು ಮಂಡಿನೋವಿನ ಬಡಪಾಯಿ ಮುದುಕಿಯರಾಗಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. "ಚರ್ಚಿನ ಮನೇಲಿ ಬಂದಿರು ಮಿರ್ಯಾ," ಎಂದೆ. "ಬೀಗ ಗಟ್ಟಿ ಇದೆ. ನಾನೂ ಜೊತೆಗೆ ಮಲಗ್ತೀನಿ."

ಅವಳು ನನ್ನ ತೋಳು ಮುಟ್ಟಿದಳು. ಕೈ ತಣ್ಣಗಿತ್ತು.

"ನೀವೆಲ್ಲ ಒಳ್ಳೆಯವರು, ಗುನ್ವೋರ್. ನಂಗೆ ಭಯ ಅದೇ. ಕೆಟ್ಟವನು ಏನು ಮಾಡ್ತಾನೆ ಅಂತ ನಾನು ಊಹಿಸಬಲ್ಲೆ. ಒಳ್ಳೆಯವರು ಯಾವಾಗ ಏನು ಮಾಡ್ತೀರೋ ಗೊತ್ತಾಗಲ್ಲ."

ಮಧ್ಯಾಹ್ನದ ಊಟದ ಗಂಟೆಗೆ ಮುಂಚೆಯೇ ಅವರು ಹೊರಟರು. ಕಾರಿನೊಳಗೆ ತೂವಾ ಹಬ್ಬದ ಕೇಸರಿ ಬನ್ನು ತಿನ್ನುತ್ತ, ಅದರ ಒಣದ್ರಾಕ್ಷಿ ಆರಿಸಿ ಪಕ್ಕಕ್ಕಿಡುತ್ತಿದ್ದಳು. ಎಲ್ಲಿಗೆ ಎಂದು ನಾವು ಕೇಳಲಿಲ್ಲ.

ಕ್ರಿಸ್‌ಮಸ್ ರಜೆ ಮುಗಿದು ಶಾಲೆ ತೆರೆಯಿತು. ಸಿಗ್ನೆ ಜ್ವರ ಬಿಟ್ಟು ಬಂದಿದ್ದಳು. ಹಾಡಿನ ಅವಧಿ ಮುಗಿದರೂ ಟ್ಯಾಬ್ ಎದೆಗವಚಿಕೊಂಡು ಪಿಯಾನೋದ ಬಳಿ ನಿಂತೇ ಇದ್ದಳು.

"ಗುನ್ವೋರ್, ತೂವಾಗೆ ಬರೆದ್ರೆ ಹೋಗ್ತಾನೇ ಇಲ್ಲ. ಈ ಹೆಸರಿನವರು ಯಾರೂ ಇಲ್ಲ ಅಂತ ಬರತ್ತೆ. ಸಿಟ್ಟಾ ಅವಳಿಗೆ?"

"ಇಲ್ಲ ಮಗೂ. ಊರು ಬಿಟ್ಟು ಹೋದ್ರು ಅಷ್ಟೆ."

"ನನ್ನ ಜಾಗ ತಗೊಂಡಿದ್ದಕ್ಕೆ ನಂಗೇನೂ ಬೇಜಾರಿಲ್ಲ ಅಂತ ಹೇಳ್ಬೇಕಿತ್ತು. ಇನ್ನೊಂದ್ಸಲ ಕಳಿಸ್ಲಾ?"

"ಕಳಿಸು," ಎಂದೆ.

ಅವಳು ಒಂದೊಂದೇ ಅಕ್ಷರ ಒತ್ತಿ ಬರೆದಳು, ಕಳಿಸಿದಳು. ನಾನು ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಸಿಗದಿರಲಿ, ಯಾರಿಗೂ ಸಿಗದಿರಲಿ ಎಂದು ನಾನು ಉಸಿರು ಬಿಗಿಹಿಡಿದು ಕಾದೆ, ಈ ಹೆಸರಿನವರು ಯಾರೂ ಇಲ್ಲ ಎಂಬ ಅದೇ ಉತ್ತರ ಮತ್ತೆ ಬರುವ ತನಕ.