ಸುಣ್ಣದ ಕಂಬ

"ಇದೇನು ಮಾಡಿಬಿಟ್ರಿ ರುದ್ರಾಣಮ್ಮ?" ಅಂತ ಅಕ್ಷಿತಾ ಕೇಳಿದಳು. ಗದರಿ ಕೇಳಿದ್ದರೆ ಎಷ್ಟೋ ವಾಸಿಯಿತ್ತು. ಆ ಹುಡುಗಿಯ ದನಿ ಬಾವಿಯಲ್ಲಿ ಕೊಡ ಕಳೆದುಕೊಂಡವರ ದನಿಯ ಹಾಗಿತ್ತು.

ರುದ್ರಾಣಿ ಹುಣಸೆಹುಳಿಗೆ ಬಿರಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಎರಡು ಹಗಲು ಕೂತು ತಿಕ್ಕಿದ ಕಲ್ಲುಕಂಬ ಎದುರಿಗೆ ಕರ್ರಗೆ ಹೊಳೆಯುತ್ತಿತ್ತು. ಅವಳ ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ. ಶಭಾಸ್ ಅನ್ನಿಸಿಕೊಳ್ಳೋಣ ಅಂತ ಬೆಳಿಗ್ಗೆಯಿಂದ ಬಾಗಿಲಲ್ಲಿ ಕಾದಿದ್ದವಳಿಗೆ ಏನು ತಪ್ಪಾಯಿತು ಅನ್ನುವುದೇ ತಿಳಿಯಲಿಲ್ಲ.

"ತೊಳ್ದೆ ಮೇಡಮ್ಮಾರೆ. ಇವತ್ತು ಸಮಿತಿಯೋರು ನೋಡಾಕೆ ಬರ್ತಾರೆ ಅಂದ್ರಲ್ಲ, ಕಂಬ ನೋಡಿದ್ರೆ ಹೇಸಿಗೆ ಆಗಂಗಿತ್ತು. ಸುಣ್ಣ ಕಲ್ಲಿನಂಗೆ ಕಚ್ಕಂಡಿತ್ತು ನೋಡ್ರಿ. ಹುಣಸೆಹಣ್ಣು ಹಾಕ್ದೆ, ಮರಳು ಹಾಕ್ದೆ, ಬಗ್ಲಿಲ್ಲ. ಕೊನಿಗೆ ಕುಡುಗೋಲಿನ ಬೆನ್ನಲ್ಲಿ ಕೆರೆದೆ."

"ಅವರು ನೋಡೋಕೆ ಬರ್ತಿರೋದೇ ಅದನ್ನ."

ಗೋಡೆಗೆ ಒರಗಿಸಿಟ್ಟಿದ್ದ ಹೊಸ ಫಲಕಕ್ಕೆ ಹೊದಿಸಿದ್ದ ಗೋಣಿಯನ್ನು ಅಕ್ಷಿತಾ ಸರಿಸಿದಳು. 'ಸುಣ್ಣದ ಕಂಬ' ಅಂತ ಮೇಲೆ ದಪ್ಪ ಅಕ್ಷರ. ರುದ್ರಾಣಿ ಅದನ್ನು ಓದಿ, ಕಂಬ ನೋಡಿ, ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಸೂಳೆಕೆರೆಯ ದಂಡೆಯ ಈ ಛತ್ರದಲ್ಲಿ ಒಂದು ಕಾಲಕ್ಕೆ ಕಾಲು ಚಾಚಲು ಜಾಗ ಸಿಗುತ್ತಿರಲಿಲ್ಲ. ಸಂತೇಬೆನ್ನೂರಿನ ಸಂತೆಗೆ ಹೋಗುವವರು, ಬರುವವರು, ಮೀನುಬುಟ್ಟಿಯವರು, ಬಳೆಗಾರರು, ಎಲ್ಲರಿಗೂ ಇದೇ ತಂಗುವ ಜಾಗ. ಹೊರಡುವ ಮುಂಚೆ ಪಡಸಾಲೆಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುವುದು, ಎಲೆಗೆ ಸವರಿ ಬೆರಳಲ್ಲಿ ಉಳಿದ ಸುಣ್ಣವನ್ನು ಪಕ್ಕದ ಕಂಬಕ್ಕೆ ಒರೆಸಿ ಏಳುವುದು. ಯಾರೂ ಯೋಚನೆ ಮಾಡಿ ಮಾಡಿದ್ದಲ್ಲ. ಗೆರೆಯ ಮೇಲೆ ಗೆರೆ ಬಿದ್ದು, ನೂರು ವರ್ಷಕ್ಕೆ ಕಂಬಕ್ಕೆ ಬೆರಳು ದಪ್ಪದ ಬಿಳಿ ತೊಗಟೆ ಬಂದಿತ್ತು.

ಛತ್ರ ನೋಡಿಕೊಳ್ಳುವ ಮನೆಗೆ ಸೊಸೆಯಾಗಿ ಬಂದ ದಿನದಿಂದ ರುದ್ರಾಣಿ ಬಂದವರಿಗೆ ಅನ್ನ ಹಾಕಿದಳು, ನೀರು ಕೊಟ್ಟಳು, ಜ್ವರ ಬಂದವರಿಗೆ ಗಂಜಿ ಕಾಯಿಸಿದಳು. ಬೈದದ್ದು ಈ ಸುಣ್ಣಕ್ಕೆ ಮಾತ್ರ. ಬಸ್ಸು ಬಂದ ಮೇಲೆ ಛತ್ರಕ್ಕೆ ಜನ ಬರುವುದು ನಿಂತಿತು. ಗಂಡ ತೀರಿಕೊಂಡ. ಛತ್ರ ಕೆಡವಿ ಅಂಗಡಿ ಸಾಲು ಕಟ್ಟುತ್ತಾರೆ ಅಂತ ಸುದ್ದಿಯಾದಾಗ, ಅರ್ಜಿ ಹಿಡಿದು ಎಂಟು ವರ್ಷ ಚನ್ನಗಿರಿಯ ಕಚೇರಿಗಳಿಗೆ ಅಲೆದವಳೂ ಇವಳೇ. ಆಮೇಲೆ ಹಳೆಯ ಕಟ್ಟಡಗಳನ್ನು ಉಳಿಸುವ ಸಮಿತಿಯಿಂದ ಅಕ್ಷಿತಾ ಬಂದಳು, ಸೋರುವ ಮಾಳಿಗೆ ರಿಪೇರಿಯಾಯಿತು. ಸೋಮವಾರದಿಂದ ಜನರಿಗೆ ತೆರೆಯುವುದು. ಬೀಗದ ಕೈಯೂ ಅವಳು ವಾಸವಿದ್ದ ಹಿಂದಿನ ಕೋಣೆಯೂ ರುದ್ರಾಣಿಗೇ ಇರಲಿ ಅಂತ ಅಕ್ಷಿತಾ ಬರೆದುಕೊಟ್ಟಿದ್ದಳು. ಇವತ್ತು ಸಮಿತಿ ಅದಕ್ಕೆ ಒಪ್ಪಬೇಕಿತ್ತು.

"ಹಳೇದೆಲ್ಲ ಹಂಗೇ ಇರ್ಲಿ ಅಂದಿದ್ರಿ. ನಾನು ಬಾಗ್ಲು, ತೊಲೆ ಅನ್ಕಂಡೆ. ಕೊಳೇನೂ ಹಳೇದು ಅಂತ ಯಾರಿಗೆ ಗೊತ್ತು?" ಅಂದಳು ರುದ್ರಾಣಿ. ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ನೆಂಟರು ಬರುತ್ತಾರೆಂದರೆ ಮನೆ ತೊಳೆಯದ ಹೆಂಗಸು ಯಾವ ಊರಲ್ಲಿದ್ದಾಳೆ?

ಗಾರೆ ಕೆಲಸದ ಮೇಸ್ತ್ರಿ ತಿಪ್ಪೇರುದ್ರ ಕರಣೆ ಕೆಳಗಿಟ್ಟು ಬಂದ. "ಇದಕ್ಕ್ಯಾಕೆ ತಲೆ ಕೆಡಿಸ್ಕಂತೀರಿ? ಡಬ್ಬಿ ಸುಣ್ಣ ಐತೆ. ಅಲ್ಲೊಂದು ಇಲ್ಲೊಂದು ಬಳಿದು, ಮೇಲೆ ಒಂಚೂರು ಮಣ್ಣು ಉಜ್ಜಿದ್ರೆ ಯಾರಪ್ಪನಿಗೂ ಗೊತ್ತಾಗಲ್ಲ. ತಗಳ್ರಿ, ನೀವೇ ಒರೆಸ್ರಿ."

ಅಕ್ಷಿತಾ ಕಂಡೂ ಕಾಣದವಳ ಹಾಗೆ ಕೆರೆಯ ಕಡೆ ತಿರುಗಿ ನಿಂತಳು. ರುದ್ರಾಣಿ ಡಬ್ಬಿಗೆ ಬೆರಳು ಅದ್ದಿ ಕಂಬದ ಹತ್ತಿರ ಒಯ್ದಳು. ಕೋಣೆ ನೆನಪಾಯಿತು, ಒಲೆ ನೆನಪಾಯಿತು, ಅರ್ಜಿ ಹಿಡಿದು ನಿಂತ ಬಾಗಿಲುಗಳೆಲ್ಲ ನೆನಪಾದವು. ಆದರೂ ಬೆರಳು ಮುಂದೆ ಹೋಗಲಿಲ್ಲ. ನಲವತ್ತು ವರ್ಷ ಊರವರಿಗೆಲ್ಲ ಬೈದ ಕೆಲಸವನ್ನು, ಅದೂ ಕಳ್ಳತನದಲ್ಲಿ, ಹೆಂಗೆ ಮಾಡುವುದು? ಅವಳು ಬೆರಳನ್ನು ಸೀರೆಯ ಅಂಚಿಗೆ ಒರೆಸಿಬಿಟ್ಟಳು.

ಹನ್ನೊಂದರ ಹೊತ್ತಿಗೆ ಜೀಪು ಬಂತು. ಸಮಿತಿಯ ಅಧ್ಯಕ್ಷ ಗುರುಬಸವರಾಜ್ ಫೈಲಿನ ಫೋಟೋ ನೋಡಿದರು, ಕಂಬ ನೋಡಿದರು, ಮತ್ತೆ ಫೋಟೋ ನೋಡಿದರು.

"ಸರ್, ರಿಪೇರಿ ಮಾಡುವಾಗ ಮಳೆ ನೀರು ಸುರಿದು..." ಅಂತ ಅಕ್ಷಿತಾ ಶುರುಮಾಡಿದಳು.

"ಮಳಿ ಅಲ್ಲ ಸ್ವಾಮಿ," ಅಂದಳು ರುದ್ರಾಣಿ. "ನಾನೇ ತೊಳೆದಿದ್ದು. ಮೇಡಮ್ಮಾರಿಗೆ ಗೊತ್ತೇ ಇರ್ಲಿಲ್ಲ."

ಗುರುಬಸವರಾಜ್ ಕೆಟ್ಟ ಮನುಷ್ಯರೇನಲ್ಲ. ಅವರು ಕನ್ನಡಕ ತೆಗೆದು ಫೈಲು ಮುಚ್ಚಿದರು. "ಅಮ್ಮ, ನಿಮ್ಮ ಮೇಲೆ ಸಿಟ್ಟಿಲ್ರಿ. ಆದ್ರೆ ಇವತ್ತು ಕಂಬ ತೊಳೆದ್ರಿ, ನಾಳೆ ಈ ಬಾಗಿಲಿಗೆ ಬಣ್ಣ ಹೊಡಿಸ್ತೀರಿ."

ರುದ್ರಾಣಿ ತಲೆ ತಗ್ಗಿಸಿದಳು. ಹಸಿರು ಬಣ್ಣದ ಡಬ್ಬ ಆಗಲೇ ಅಡುಗೆಮನೆಯ ಮೂಲೆಯಲ್ಲಿತ್ತು.

ಛತ್ರ ಸೋಮವಾರ ತೆರೆಯುವುದೇನೋ ಖಾಯಂ ಆಯಿತು. ಕಾವಲಿಗೆ ತರಬೇತಿಯಾದವರು ಬರುತ್ತಾರೆ. ಹಿಂದಿನ ಕೋಣೆಯಲ್ಲಿ ಹಳೆಯ ಪಾತ್ರೆ ಪಡಗ ಜೋಡಿಸಿಡುತ್ತಾರೆ. ರುದ್ರಾಣಿ ಬೇಕಾದರೆ ತಿಂಗಳ ಕೊನೆವರೆಗೆ ಇರಬಹುದು.

"ತಿಂಗಳ ಕೊನಿ ಯಾಕೆ ಸ್ವಾಮಿ," ಅಂದಳು ಅವಳು, ಸೊಂಟದಿಂದ ಬೀಗದ ಕೈಗೊಂಚಲು ಬಿಚ್ಚುತ್ತ. "ಮಗಳು ಅರುಣಾ ಕೆರೆಬಿಳಚಿಯಾಗೆ ಅವಳೆ. ಬಾ ಬಾ ಅಂತ ಎಷ್ಟು ದಿನದಿಂದ ಕರೀತಾವಳೆ. ಛತ್ರ ಉಳೀತಲ್ಲ, ಸಾಕು. ನನಗೂ ಸಾಕಾಗೈತೆ." ಸಾಕಾಗಿದ್ದು ನಿಜವೇ. ಗೊಂಚಲು ಕೈಬಿಟ್ಟಾಗ ಸೊಂಟ ಹಗುರಾಯಿತು, ಎದೆ ಮಾತ್ರ ಆಗಲಿಲ್ಲ.

ಅಕ್ಷಿತಾ ಅವಳ ಕೈ ಹಿಡಿದುಕೊಂಡು ಏನೋ ಹೇಳಲು ಹೋಗಿ ಅತ್ತಳು. "ಅಳಬ್ಯಾಡವ್ವ, ನನ್ನ ಸಲುವಾಗಿ ಸುಳ್ಳು ಹೇಳಾಕೂ ಹೋಗಿದ್ದೆ ನೀನು," ಅಂತ ರುದ್ರಾಣಿಯೇ ಸಮಾಧಾನ ಮಾಡಬೇಕಾಯಿತು.

ಜೀಪು ಹೋಗಿ, ಗಂಟು ಕಟ್ಟಿ, ಸಂಜೆಯ ಬಸ್ಸಿಗೆ ಕಾಯುತ್ತಿದ್ದಾಗ ಪಂಚಾಕ್ಷರಪ್ಪ ಕೋಲೂರಿಕೊಂಡು ಬಂದ. ಹಿಂದೆ ಪ್ರತಿ ವಾರ ಕೆರೆಬಿಳಚಿಯಿಂದ ವೀಳ್ಯದೆಲೆಯ ಪೆಂಡಿ ಹೊತ್ತು ಸಂತೆಗೆ ಹೋಗುತ್ತಿದ್ದವನು. ಈಗ ಎಂಬತ್ತಾಗಿತ್ತು.

"ಛತ್ರ ತೆಗೆದ್ರು ಅಂದ್ರು, ನೋಡಿ ಹೋಗಾನ ಅಂತ ಬಂದೆ ರುದ್ರಾಣಮ್ಮ," ಅಂದ.

"ತೆಗೆಯಾದು ಸೋಮವಾರ. ಬಂದೀರಲ್ಲ, ಕೂತ್ಕಳ್ರಿ ಅಣ್ಣ."

ಅವನು ಪಡಸಾಲೆಯಲ್ಲಿ ಅದೇ ಕಂಬದ ಹತ್ತಿರ, ಅದೇ ಜಾಗದಲ್ಲಿ ಕೂತ. ಚೀಲ ಬಿಚ್ಚಿ ಅವಳ ಕಡೆಗೂ ಎರಡು ಎಲೆ ಚಾಚಿದ. ಇಷ್ಟು ವರ್ಷದಲ್ಲಿ ರುದ್ರಾಣಿ ಆ ಪಡಸಾಲೆಯಲ್ಲಿ ಕೂತು ಎಲೆ ಹಾಕಿದವಳಲ್ಲ. ಕೂರಲು ಪುರುಸೊತ್ತು ಎಲ್ಲಿತ್ತು? ಇವತ್ತು ಕೂತಳು. ಇಬ್ಬರೂ ಕೆರೆ ನೋಡುತ್ತ ಎಲೆಗೆ ಸುಣ್ಣ ಸವರಿದರು, ಅಡಿಕೆ ಇಟ್ಟು ಮಡಚಿದರು.

ಪಂಚಾಕ್ಷರಪ್ಪನ ಬೆರಳು ಹಳೆಯ ಅಭ್ಯಾಸದಂತೆ ಕಂಬದವರೆಗೆ ಹೋಯಿತು. ಅಲ್ಲಿ ನಿಂತಿತು. ಅವನು ತೊಳೆದ ಕಂಬ ನೋಡಿದ, ಅವಳ ಮುಖ ನೋಡಿದ, ಬೆರಳನ್ನು ತಟ್ಟನೆ ಪಂಚೆಗೆ ಒರೆಸಿಕೊಂಡ.

"ನಿನ್ನ ಕೈಲಿ ಎಷ್ಟು ಬೈಸ್ಕಂಡೀನಿ ಮಾರಾಯ್ತಿ," ಅಂತ ನಕ್ಕ.

ಏರಿಯ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಅವನು ಕೋಲು ಹಿಡಿದು ಮುಂದೆ ನಡೆದ. ರುದ್ರಾಣಿ ಗಂಟನ್ನು ಕಂಕುಳಿಗೆ ಸೇರಿಸಿದಳು, ಮೊಣಕಾಲಿನ ಮೇಲೆ ಕೈಯೂರಿ ಎದ್ದಳು, ಏಳುತ್ತ ಬೆರಳಲ್ಲಿ ಉಳಿದಿದ್ದ ಸುಣ್ಣವನ್ನು ಕಂಬಕ್ಕೆ ಒರೆಸಿ ಮೆಟ್ಟಿಲಿಳಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ಹೊತ್ತಿಗೆ ಕರಿಕಲ್ಲಿನ ಮೇಲೆ ಆ ಒಂದು ಗೆರೆ ಒಣಗಿ ಬೆಳ್ಳಗಾಗುತ್ತಿತ್ತು.