ಹಟ್ಟಿಯ ಹೊರಗೆ

ಬೇಸಿಗೆ ರಜೆ ಬಂತೆಂದರೆ ಕೋಮಲಾ ಮತ್ತು ಅವಳಣ್ಣ ಚಿತ್ತೇಶ್ ಹುಳಿಯಾರು ಕಡೆಯ ತಮ್ಮ ಹಟ್ಟಿಯಿಂದ ಕಿಬ್ಬನಹಳ್ಳಿಗೆ ಬಸ್ಸು ಹತ್ತುತ್ತಿದ್ದರು. ಅಲ್ಲಿ ಸೋದರಮಾವ ಹನುಮಂತರಾಯನ ಮನೆಯಲ್ಲಿ ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಇತ್ತು. ತೊಂಬತ್ತರ ದಶಕದ ಮಾತು. ಕರೆಂಟು ಇದ್ದಷ್ಟು ಹೊತ್ತು ಇಬ್ಬರೂ ನೆಲದ ಮೇಲೆ ಕೂತು ಟ್ಯಾಂಕು ಉಡಾಯಿಸುತ್ತಿದ್ದರು. ಕೋಮಲಾಳದೇ ಕೈ ಮೇಲು. ಮೊದಲು ಸೋತು ಕೂತ ಚಿತ್ತೇಶ್, "ನೀನು ನಡಿಯೇ, ಮುಂದುಕ್ಕೋಗು" ಎಂದು ಹುರಿದುಂಬಿಸುತ್ತಿದ್ದ.

ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಕೋಮಲಾ ದೊಡ್ಡವಳಾದಳು. ಹಟ್ಟಿಯ ಹೊರಗೆ ತೆಂಗಿನ ಗರಿಯ ಗುಡಿಸಲಲ್ಲಿ ಕೂರಿಸಿದರು. ಮಾವನ ಮನೆಗೆ ಹೋಗಿಬಂದ ಚಿತ್ತೇಶ್ ದೂರದಲ್ಲೇ ನಿಂತು, "ಒಬ್ನೇ ಆಡಕ್ಕೆ ಬೇಜಾರು ಕಣೇ" ಅಂದ.

"ಇನ್ಮೇಲೆ ಅವ್ಳೆಲ್ಲೂ ಬರಲ್ಲ ಬುಡು" ಎಂದು ಅಮ್ಮ ಅವನನ್ನು ಎಳೆದುಕೊಂಡು ಹೋದಳು.

ಚಿತ್ತೇಶ್ ತಿಪಟೂರಿನಲ್ಲಿ ಐಟಿಐ ಓದಿದ. ರಜೆಯಲ್ಲಿ ಗೆಳೆಯರ ಜೊತೆ ಬಸ್‌ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಅಂಗಡಿ. ಅಲ್ಲೇ ಕೆಲಸ ಸಿಕ್ಕಮೇಲೆ ಭಾನುವಾರಗಳಲ್ಲಿ ಸೈಬರ್ ಸೆಂಟರು, ಕಾರ್ ರೇಸು. ಕೋಮಲಾಳ ಬೇಸಿಗೆಗಳು ಕುರಿಮರಿಗಳಿಗೆ ಸೊಪ್ಪು ತರುವುದರಲ್ಲಿ ಕಳೆದವು. ಆಮೇಲೆ ಅವಳನ್ನು ಚಿಕ್ಕನಾಯಕನಹಳ್ಳಿ ಕಡೆಯ ಇನ್ನೊಂದು ಹಟ್ಟಿಯ ಮಾಯಣ್ಣನಿಗೆ ಕೊಟ್ಟರು.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಅವಳಿಗೆ ಹೆಣ್ಣುಮಗುವಾಯಿತು. ಹೆರಿಗೆಯ ಸೂತಕವೆಂದು ಆಸ್ಪತ್ರೆಯಿಂದ ತಾಯಿ ಮಗು ನೇರ ಆ ಹಟ್ಟಿಯ ಹೊರಗಿನ ಗುಡಿಸಲಿಗೇ ಬಂದರು. ಬೇಕಾದಾಗ ಮನೆಗೆ ಫೋನು ಮಾಡಲೆಂದು ಮಾಯಣ್ಣ ತನ್ನ ಮೊಬೈಲು ಕೊಟ್ಟಿದ್ದ. ಅದರಲ್ಲಿ ಹಾವಿನ ಆಟವಿತ್ತು. ಮಗು ಮಲಗಿದಾಗ, ಎಷ್ಟೋ ವರ್ಷದ ಮೇಲೆ, ಕೋಮಲಾ ಮತ್ತೆ ಆಡಿದಳು. ಊಟ ಇಟ್ಟುಹೋಗಲು ಬಂದ ಅತ್ತೆ ಹುಚ್ಚಕ್ಕ ಕೇಳಿದಳು, "ಏನೇ ಅದು ಸದ್ದು?"

"ಆಟ ಅತ್ತೆ. ಹೊತ್ತೋಗಲ್ಲ."

ಒಂದು ಮಧ್ಯಾಹ್ನ ಮಗುವಿನ ಮೈ ಕಾದ ಹೆಂಚಿನಂತಾಯಿತು. ಹಾಲು ಕುಡಿಯಲಿಲ್ಲ. ಕೋಮಲಾ ತಕ್ಷಣ ಮನೆಗೆ ಫೋನು ಮಾಡಿದಳು.

"ಬಿಸ್ಲುಗಾಲ, ಹಂಗೇ ಇರ್ತದೆ" ಅಂದಳು ಅತ್ತೆ.

ಮಾಯಣ್ಣ ಬಂದ, ಆದರೆ ಗುಡಿಸಲ ಹತ್ತಿರಕ್ಕೆ ಬರಲಿಲ್ಲ. "ಸೂತಕ ಕಣೇ, ಮುಟ್ಟಂಗಿಲ್ಲ. ದೊಡ್ಡೋರ್ನ ಕೇಳ್ಕಂಡು ಬತ್ತೀನಿ" ಎಂದು ಹೋದವನು ತಿರುಗಿ ಬರಲಿಲ್ಲ. ಕಾದು ಕಾದು ಅವಳು ಅಣ್ಣನಿಗೆ ಫೋನು ಮಾಡಿದಳು.

ಚಿತ್ತೇಶ್ ತಿಪಟೂರಿನಿಂದ ಬೈಕಿನಲ್ಲಿ ಬಂದ. ಯಾರನ್ನೂ ಕೇಳದೆ ಗುಡಿಸಲೊಳಕ್ಕೆ ನುಗ್ಗಿ ತಾಯಿ ಮಗುವನ್ನು ಕೂರಿಸಿಕೊಂಡು ಹೊರಟ. ಆಸ್ಪತ್ರೆ ಸೇರುವ ಮೊದಲೇ ಕೋಮಲಾಳ ಮಡಿಲಲ್ಲಿ ಮಗುವಿನ ಉಸಿರು ನಿಂತಿತು.

ಮಣ್ಣಿಗೆ ಬಂದವರಿಗೆಲ್ಲ ಹುಚ್ಚಕ್ಕ ಹೇಳಿದಳು, "ಮೊಬೈಲ್ನಾಗೆ ಆಟ ಆಡ್ಕಂಡು ಕೂತಿದ್ಳು. ಮಗೀನ ನೋಡ್ನಿಲ್ಲ."

"ಫೋನ್ ಮಾಡಿದ್ದು ಅವ್ಳೇ ಅಲ್ವಾ? ಮುಟ್ದಂಗೆ ನಿಂತಿದ್ದು ಯಾರು?" ಚಿತ್ತೇಶ್ ಕೂಗಿದ. ಮಾಯಣ್ಣ ಮೊಬೈಲು ಇಸಿದುಕೊಂಡು ಜೇಬಿಗೆ ಹಾಕಿಕೊಂಡ.

ಸೂತಕದ ಉಳಿದ ದಿನಗಳನ್ನು ಗುಡಿಸಲಲ್ಲೇ ಮುಗಿಸಬೇಕೆಂದರು. ಕೋಮಲಾ ಅಣ್ಣನ ಬೈಕು ಹತ್ತಿದಳು.

ತಿಪಟೂರಿನ ಬಾಡಿಗೆ ಮನೆಯಲ್ಲಿ ಅವಳು ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಒಂದು ದಿನ ಚಿತ್ತೇಶ್ ತನ್ನ ಹಳೇ ಕಂಪ್ಯೂಟರಿನಲ್ಲಿ ಆಟ ಹಾಕಿ ಕರೆದ. "ಒಂದಾಟ ಆಡೇ. ಮನ್ಸು ಹಗುರಾಗ್ತದೆ."

ಅವಳು ಬಂದು ಕೂತಳು. ಸದ್ದು ಶುರುವಾದದ್ದೇ ಕೈ ತೆಗೆದಳು.

"ನಾನು ಆಡ್ತಿದ್ದಾಗ್ಲೇ ಅದುಕ್ಕೆ ಜ್ವರ ಬಂದಿತ್ತೇನೋ ಅಣ್ಣ. ನಂಗೆ ಗೊತ್ತಾಗ್ಲಿಲ್ವೇನೋ."

"ಹಂಗನ್ಬೇಡ ಕಣೇ. ಅದು ಅವ್ರು ಹೇಳಿದ್ ಮಾತು."

"ಆದ್ರೂ" ಅಂದಳು.

ಮಾಯಣ್ಣ ಕರೆಯಲು ಬಂದರೂ ಅವಳು ಹೋಗಲಿಲ್ಲ. ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆ ಸೇರಿದಳು. ಚಿತ್ತೇಶ್ ಅವಳೆದುರು ಮತ್ತೆಂದೂ ಆಡಲಿಲ್ಲ.